ಪ್ರಸ್ಥಾನದ ಗಂಟು ಹಿಂದಕ್ಕೆ ಬಂದ ದಿನ

ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಕೆಲಸಗಳು ತಾವಾಗಿಯೇ ಹಂಚಿಹೋಗಿದ್ದವು. ಅತ್ತೆಯವರು ಒಲೆ ಹೊತ್ತಿಸಿ ನೀರು ಕಾಯಲಿಡುವುದರೊಳಗೆ ನಾನು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಲಾಟೀನುಗಳ ಗಾಜು ಒರೆಸಲು ಜಗಲಿಗೆ ಬಂದು ಕೂರುತ್ತಿದ್ದೆ. ಬೂದಿಯನ್ನು ಜರಡಿ ಹಿಡಿದು ನುಣ್ಣಗೆ ಮಾಡಿಕೊಂಡು, ಹಳೆಯ ಪಂಚೆಯ ಚೂರಿಗೆ ಹಚ್ಚಿ, ಎರಡು ಬೆರಳು ಒಳಗೆ ತೂರಿಸಿ ತಿರುಗಿಸಬೇಕು. ಅವಸರ ಮಾಡಿದರೆ ಗಾಜಿನ ಅಂಚು ಬೆರಳು ಕುಯ್ಯುತ್ತದೆ. ಶಿಕಾರಿಪುರಕ್ಕೆ ಕರೆಂಟು ಬಂದಿತ್ತು. ನಮ್ಮ ಬೀದಿಗೆ ಬಂದಿರಲಿಲ್ಲ. ಬೀದಿಗಳಿಗಿಂತ ಮೊದಲು ಅಕ್ಕಿ ಗಿರಣಿಗೆ ಬಂತು. ನಮ್ಮ ಮನೆಯ ಕಳವಳ ಶುರುವಾದದ್ದು ಅಲ್ಲಿಂದಲೇ.

ಆ ಗಿರಣಿಯ ಆಯಿಲ್ ಎಂಜಿನ್ ನೋಡಿಕೊಳ್ಳುತ್ತಿದ್ದವನು ನನ್ನ ಮೈದುನ, ನನ್ನವರ ತಮ್ಮ. ಎಂಜಿನ್ ತೆಗೆದು ಮೋಟರು ಕೂರಿಸಿದ ದಿನ ಗಿರಣಿಯ ಯಜಮಾನರು ನಗುನಗುತ್ತಲೇ, "ಇನ್ನ ಗುಂಡಿ ಒತ್ತಾಕೆ ನಮ್ಮನೆ ಹುಡುಗಿ ಸಾಕು, ನೀನು ಬ್ಯಾರೆ ಎಲ್ಲಾದ್ರೂ ನೋಡ್ಕಳಪ್ಪ" ಎಂದರಂತೆ. ಆ ಮಳೆಗಾಲವಿಡೀ ಅವನು ಮನೆಯಲ್ಲಿದ್ದ. ಕೆಟ್ಟಿರದ ಹೊಲಿಗೆ ಯಂತ್ರವನ್ನು ಬಿಚ್ಚಿ ಜೋಡಿಸುತ್ತಿದ್ದ. ಆಮೇಲೆ ಒಂದು ದಿನ ಬಸ್ ನಿಲ್ದಾಣದ ಹೋಟೆಲಿನಿಂದ ವಡೆ ಕಟ್ಟಿಕೊಟ್ಟ ಇಂಗ್ಲಿಷ್ ಪತ್ರಿಕೆಯ ಹಾಳೆಯೊಂದನ್ನು ಎಣ್ಣೆ ಒರೆಸಿ ನನ್ನ ಮುಂದೆ ಹಿಡಿದ. ಪರ್ಷಿಯನ್ ಕೊಲ್ಲಿಯ ಎಣ್ಣೆ ಕಂಪನಿಯೊಂದಕ್ಕೆ ಡೀಸೆಲ್ ಫಿಟ್ಟರುಗಳು ಬೇಕು; ಮುಂಬಯಿಯ ಏಜೆಂಟರಿಗೆ ಬರೆಯಿರಿ ಎಂದಿತ್ತು.

"ಅತ್ಗೆ, ನೀವು ಕಾನ್ವೆಂಟಿನಾಗೆ ಓದಿದ್ದು ಇದಕ್ಕೇ ಇರಬೇಕು ನೋಡ್ರಿ," ಎಂದ.

ಹಾಗೆ ಆ ಕೆಲಸ ನನ್ನ ಪಾಲಿಗೆ ಬಂತು. ಒಂದು ಕಾಗದದಲ್ಲಿ ಒಂದೇ ಬೇಡಿಕೆ ಇರಬೇಕು, ಎಡಗಡೆ ಎರಡು ಬೆರಳಗಲ ಅಂಚು ಬಿಡಬೇಕು ಎಂದು ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ್ದರು. ಅದನ್ನೇ ಮಾಡಿದೆ. ಮುಂಬಯಿಯಿಂದ ಉತ್ತರ ಬಂತು. ಅವನು ಹೋಗಿ ಎಂಜಿನ್ ಬಿಚ್ಚಿ ಜೋಡಿಸುವ ಪರೀಕ್ಷೆ ಕೊಟ್ಟು ಬಂದ. ಕೆಂಪು ಮೊಹರಿನ ನೇಮಕದ ಪತ್ರವೂ ಕರಾರೂ ಬಂದವು. ಸಂಬಳ ಎಷ್ಟು, ಊಟ ವಸತಿ ಯಾರದು, ಕಾಯಿಲೆ ಬಿದ್ದರೆ ಯಾರು ನೋಡಬೇಕು, ಅವಧಿ ಮುಗಿದ ಮೇಲೆ ಹಡಗಿನ ಟಿಕೆಟ್ಟು ಯಾರು ಕೊಡಬೇಕು, ಎಲ್ಲ ಅದರಲ್ಲಿತ್ತು. ಮುಂಬಯಿಯಲ್ಲಿ ಪರದೇಶಕ್ಕೆ ದುಡಿಯಲು ಹೋಗುವವರ ಹಿತ ನೋಡುವ ಸರ್ಕಾರಿ ಅಧಿಕಾರಿಯೊಬ್ಬರಿದ್ದರು. ಕರಾರನ್ನು ಅವರ ಮುಂದೆ ಓದಿಸಿ ಒಪ್ಪಿಗೆ ಪಡೆಯಬೇಕಿತ್ತು. ಆದರೆ ಅದಕ್ಕೆ ಮೊದಲು ಪಾಸ್‌ಪೋರ್ಟು. ಪಾಸ್‌ಪೋರ್ಟಿಗೆ ಮೊದಲು, ಅವನು ಅಲ್ಲಿ ಗತಿಯಿಲ್ಲದೆ ಬಿದ್ದರೆ ಕರೆತರುವ ಖರ್ಚಿಗೆ ಜಾಮೀನು. ಅದನ್ನು ನಮ್ಮೂರಿನ ಡಾಕ್ಟರು ಕೊಟ್ಟರು. ಆಮೇಲೆ ಪೊಲೀಸ್ ವಿಚಾರಣೆ. ಅದು ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದು ನಮ್ಮ ಠಾಣೆಯಲ್ಲಿ ಕೂತುಬಿಟ್ಟಿತ್ತು. ಈ ತಿಂಗಳ ಕೊನೆಯೊಳಗೆ ಪಾಸ್‌ಪೋರ್ಟ್ ತೋರಿಸದಿದ್ದರೆ ಜಾಗ ಮುಂದಿನವನಿಗೆ ಹೋಗುತ್ತದೆಂದು ಮುಂಬಯಿಯವರು ಬರೆದಿದ್ದರು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ.

ಆ ದಿನ ಬೆಳಿಗ್ಗೆ ಎರಡನೆಯ ಗಾಜು ಕೈಯಲ್ಲಿದ್ದಾಗ ಠಾಣೆಯ ಪೇದೆ ಬಂದು ರಂಗೋಲಿ ತುಳಿಯದಂತೆ ಓರೆಯಾಗಿ ನಿಂತ.

"ಅಮ್ಮಾರೆ, ನಮ್ಮ ಸಾಹೇಬರಿಗೆ ವರ್ಗ ಆಗೈತೆ. ಮಧ್ಯಾಹ್ನ ಚಾರ್ಜು ಕೊಟ್ಟು ಹೊರಡ್ತಾರೆ. ನಿಮ್ಮ ಹುಡುಗಂದು ವಿಚಾರಣೆ ಐತಲ್ಲ, ಇವತ್ತು ಅಸಲು ಕಾಗದ ತೋರಿಸಿದ್ರೆ ಬರೆದು ಸಹಿ ಮಾಡ್ತಾರಂತೆ. ಇಲ್ಲಾಂದ್ರೆ ಹೊಸ ಸಾಹೇಬರು ಬಂದು, ಅವರು ಎಲ್ಲಾ ತಿಳ್ಕಂಡು..." ಎಂದು ಕೈ ತಿರುವಿದ.

"ನಕಲು ಕೊಟ್ಟಿದ್ದೆವಲ್ಲ?"

"ನಕಲಿಗೇನ್ರಿ, ಯಾರು ಬೇಕಾದ್ರೂ ಬರೀತಾರೆ. ಅಸಲು ಬೇಕು. ಆಮೇಲೆ ಹುಟ್ಟಿದೂರಿನ ಪಟೇಲರ ಬರಹ. ಯಾವೂರು?"

"ಈಸೂರು."

ಪೇದೆ ತಲೆಯೆತ್ತಿ ನೋಡಿದ. "ಹಂಗಾದ್ರೆ ಪಟೇಲರದು ಬೇಕೇ ಬೇಕು," ಎಂದು ಹೇಳಿ ಹೋದ. ನಲವತ್ತೆರಡರಲ್ಲಿ ಆ ಊರು ಸರ್ಕಾರದ ವಿರುದ್ಧ ಎದ್ದಾಗ ನನ್ನ ಮೈದುನ ಗೋಲಿ ಆಡುವ ಹುಡುಗ. ಆದರೂ ಆ ಊರಿನ ಹೆಸರು ಬಂದ ಕೂಡಲೇ ಯಾವ ಕಚೇರಿಯಲ್ಲೂ ಒಂದು ಕ್ಷಣ ಲೇಖನಿ ನಿಲ್ಲುತ್ತಿತ್ತು. ಕೆಲವರಲ್ಲಿ ಅದು ಗೌರವ, ಕೆಲವರಲ್ಲಿ ಹಳೆಯ ಸಂಶಯದ ರೂಢಿ. ಯಾರದು ಯಾವುದೆಂದು ನಮಗೆ ತಿಳಿಯುತ್ತಿರಲಿಲ್ಲ.

ಒಳಗೆ ಹೋಗಿ ಟ್ರಂಕು ತೆಗೆದೆ. ನನ್ನ ಹಳೆಯ ಚಿತ್ರ ಬಿಡಿಸುವ ಪುಸ್ತಕದ ರಟ್ಟಿನ ನಡುವೆ ಕಾಗದಗಳನ್ನು ಇಡುತ್ತಿದ್ದೆ. ನಕಲುಗಳಿದ್ದವು. ಸಿಡುಬಿಗೆ ದೇವಿ ಹಾಕಿಸಿದ ಸರ್ಟಿಫಿಕೇಟ್ ಇತ್ತು. ಕೆಂಪು ಮೊಹರಿನ ಎರಡು ಕಾಗದಗಳು ಇರಲಿಲ್ಲ. ಸೀರೆಗಳನ್ನೆಲ್ಲ ಒಂದೊಂದಾಗಿ ಕೊಡವಿ ಹಾಸಿಗೆಯ ಮೇಲೆ ಹಾಕಿದೆ. ನನ್ನವರು ಕಚೇರಿ ಕೆಲಸದ ಮೇಲೆ ಸಾಗರದ ಕಡೆ ಕ್ಯಾಂಪಿಗೆ ಹೋಗಿದ್ದರು. ಅವರು ತೆಗೆದುಕೊಂಡು ಹೋಗಿರುವುದು ಸಾಧ್ಯವಿರಲಿಲ್ಲ.

"ಅತ್ತೆ, ಕೆಂಪು ಮೊಹರಿನ ಕಾಗದ ನೋಡಿದಿರಾ?"

ಅತ್ತೆಯವರು ಒಲೆಯ ಮುಂದಿನಿಂದ ಏಳದೆಯೇ ಹೇಳಿದರು: "ಅದಾ? ಗಂಟಿನಾಗೆ ಇಟ್ಟೀನಿ."

ಯಾವ ಗಂಟು ಎಂದು ಕೇಳಬೇಕಾಗಿರಲಿಲ್ಲ. ದೂರ ಪ್ರಯಾಣಕ್ಕೆ ಹೊರಡುವ ದಿನ ಒಳ್ಳೆಯ ಘಳಿಗೆ ಇರುತ್ತದೋ ಇಲ್ಲವೋ ಎಂದು, ಘಳಿಗೆ ಕೂಡಿಬಂದ ದಿನವೇ ಪ್ರಯಾಣಿಕನ ಗಂಟೊಂದನ್ನು ಹೋಗುವ ದಿಕ್ಕಿನಲ್ಲಿ, ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರಲ್ಲ, ಆ ಪ್ರಸ್ಥಾನದ ಗಂಟು. ಗಂಟು ಹೊರಟರೆ ಮನುಷ್ಯ ಹೊರಟಂತೆಯೇ. ಆಮೇಲೆ ಯಾವ ದಿನ ಬೇಕಾದರೂ ಹೋಗುತ್ತ ಅದನ್ನು ಎತ್ತಿಕೊಳ್ಳಬಹುದು. ಹಿಂದಕ್ಕೆ ಮಾತ್ರ ತರಬಾರದು. ಹಿಂದಿನ ವಾರವಷ್ಟೇ ಮೈದುನ ಆ ಗಂಟನ್ನು ಪಡುವಣಕ್ಕೆ, ಸೊರಬದಲ್ಲಿದ್ದ ತಂಗಿಯ ಮನೆಯಲ್ಲಿ ಇಟ್ಟು ಬಂದಿದ್ದ. ಅಕ್ಕಿ, ಅಡಿಕೆ, ಅರಿಶಿನದ ಕೊಂಬು, ಒಂದು ಪಂಚೆ ಇಷ್ಟೇ ಇದೆ ಎಂದು ನಾನು ತಿಳಿದಿದ್ದೆ.

"ಕಾಗದ ಯಾಕೆ ಇಟ್ಟಿರಿ ಅತ್ತೆ?"

"ಇಡದೆ ಮತ್ತೆ? ಹೊರಟ ಕೆಲಸದ ಗುರುತು ಗಂಟಿನಾಗೆ ಇರಬೇಕವ್ವ. ಬರೀ ಅಡಿಕೆ ಅರಿಶಿನ ಇಟ್ರೆ ಮದುವೆಗೆ ಹೊರಟಂಗೆ ಆಗ್ತದೆ. ರೈತ ಹೊರಟ್ರೆ ಬೀಜ ಇಡ್ತಾರೆ, ಅಕ್ಕಸಾಲಿ ಹೊರಟ್ರೆ ಚಿಮಟ ಇಡ್ತಾರೆ. ಇವನ ಎಂಜಿನ್ ಇಡಾಕೆ ಆಗ್ತದಾ? ಅದಕ್ಕೆ ಮೊಹರಿನ ಕಾಗದ ಇಟ್ಟೆ."

ಹಲ್ಲುಜ್ಜುತ್ತ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಮೈದುನ ಇದನ್ನು ಕೇಳಿ ಮೊದಲು ನಕ್ಕ. ಆಮೇಲೆ ಬಾಯಿ ತೊಳೆದು ಬಂದವನ ಮುಖದಲ್ಲಿ ನಗು ಇರಲಿಲ್ಲ.

"ಆತು ಬಿಡ್ರಿ ಅತ್ಗೆ. ನಂದು ಲಾಂಚಿನ ದಾರೀನೇ ಅಂತ ಕಾಣ್ತದೆ. ಇವತ್ತು ಸಹಿ ಆಗಲಿಲ್ಲ ಅಂದ್ರೆ ನಾಳೆ ನಾನು ಶಿರಾಳಕೊಪ್ಪಕ್ಕೆ ಹೋಗಿ ಮಾತು ಕೊಟ್ಟು ಬರ್ತೀನಿ."

ಶಿರಾಳಕೊಪ್ಪದ ಸಂತೆಗೆ ಕರಾವಳಿಯಿಂದ ತೆಂಗಿನಕಾಯಿ ತರುತ್ತಿದ್ದ ದಲ್ಲಾಳಿಯೊಬ್ಬ ಇಂಥ ಹುಡುಗರನ್ನು ಹುಡುಕಿ ಮಾತಾಡಿಸುತ್ತಿದ್ದ. ಪಾಸ್‌ಪೋರ್ಟು ಬೇಡ, ಕರಾರು ಬೇಡ. ಕತ್ತಲಲ್ಲಿ ಲಾಂಚು ಹತ್ತಿದರೆ ಆಚೆ ದಡದಲ್ಲಿ ಇಳಿಸುತ್ತಾರೆ. ಸೊರಬದ ಕಡೆಯ ಒಬ್ಬ ಹಾಗೆ ಹೋಗಿದ್ದ. ಇಳಿದನೋ ಇಲ್ಲವೋ ಅವನ ತಾಯಿಗೆ ಇನ್ನೂ ಗೊತ್ತಿರಲಿಲ್ಲ. ಇಳಿದಿದ್ದರೂ ಅವನ ಹೆಸರು ಯಾವ ಕಚೇರಿಯಲ್ಲೂ ಇಲ್ಲ, ಕೇಳುವುದು ಯಾರನ್ನು? ನಾನು ಇಷ್ಟು ತಿಂಗಳು ಅಂಚು ಬಿಟ್ಟು ಬರೆದ ಕಾಗದಗಳೆಲ್ಲ, ನನ್ನ ಮಟ್ಟಿಗೆ, ಇವನ ಹೆಸರು ಎಲ್ಲಾದರೂ ಒಂದು ಕಡೆ ಬರೆದಿರಲಿ ಎಂಬುದಕ್ಕೇ ಆಗಿದ್ದವು.

"ನೀನು ಸೈಕಲ್ ತಗೊಂಡು ಈಸೂರಿಗೆ ಹೋಗಿ ಪಟೇಲರ ಹತ್ತಿರ ಬರೆಸಿಕೊಂಡು ಬಾ," ಎಂದೆ. "ಸೊರಬಕ್ಕೆ ನಾನು ಹೋಗ್ತೀನಿ. ನೇರ ಠಾಣೆಗೆ ಬಾ."

ಅತ್ತೆಯವರು ಊದುಗೊಳವೆ ಕೆಳಗಿಟ್ಟರು. "ಏನು ತರಾಕೆ?"

"ಕಾಗದ, ಅತ್ತೆ."

"ಗಂಟು ಬಿಚ್ಚಂಗಿಲ್ಲ. ನಾನು ಕಟ್ಟಿದ್ದು. ಎತ್ಕಂಡು ಹೋಗೋನೇ ಬಿಚ್ಚಬೇಕು. ಹಿಂದಕ್ಕೆ ತರಂಗೂ ಇಲ್ಲ. ಹೋದ ಗಂಟು ಹಿಂದಕ್ಕೆ ಬಂದ್ರೆ, ಹೋದೋನು..." ಎಂದು ಅಲ್ಲಿಗೇ ನಿಲ್ಲಿಸಿ ಗೋಡೆಯ ಕಡೆ ತಿರುಗಿ ಕೂತರು. ಮಾವನವರು ತೀರಿಕೊಂಡ ಮೇಲೆ ಈ ಕಿರಿಯ ಮಗನನ್ನು ಅವರು ಹೇಗೆ ಬೆಳೆಸಿದರೆಂದು ನನಗೆ ಗೊತ್ತಿತ್ತು. ಸೀರೆ ಬದಲಾಯಿಸಿ, ಕೊಡೆ ತೆಗೆದುಕೊಂಡು ಹೊರಟೆ. ಹೋಗಿ ಬಾ ಎಂದು ಅವರು ಹೇಳಲಿಲ್ಲ. ಬೀದಿಯ ತಿರುವಿನ ತನಕ ಬೆನ್ನ ಹಿಂದೆ ಆ ಮಾತಿಗಾಗಿ ಕಿವಿಗೊಟ್ಟಿದ್ದೆ.

ಬಸ್ಸಿನಲ್ಲಿ ಹೆಂಗಸರ ಸೀಟಿನ ತುದಿಯಲ್ಲಿ ಕೂತೆ. ಶಿರಾಳಕೊಪ್ಪದಲ್ಲಿ ಇಳಿದು ಸೊರಬದ ಬಸ್ಸು ಹಿಡಿಯಬೇಕು. ಹೋಗುವಾಗ ಎಲ್ಲವೂ ಹೂವೆತ್ತಿದಂತೆ ಸಲೀಸಾಗಿ ಆಯಿತು. ಅದೂ ನನಗೆ ಭಯವೇ. ಡ್ರೈವರನ ಮುಂದೆ ತೂಗುಹಾಕಿದ್ದ ನಿಂಬೆಹಣ್ಣು ಮೆಣಸಿನಕಾಯಿ ಒಣಗಿ ಕಪ್ಪಾಗಿತ್ತು. ಮಧ್ಯಾಹ್ನ ಎಂದರೆ ಎಷ್ಟು ಹೊತ್ತು? ಊಟಕ್ಕೆ ಮೊದಲೋ, ಆಮೇಲೋ? ಪೇದೆಯನ್ನು ಯಾಕೆ ಕೇಳಲಿಲ್ಲ? ಈ ಒಂದನ್ನೇ ತಿರುಗಿಸಿ ಮುರುಗಿಸಿ ಯೋಚಿಸುತ್ತ, ಕೊಡೆಯ ಹಿಡಿಕೆಗೆ ಸುತ್ತಿದ್ದ ದಾರವನ್ನು ಪೂರ್ತಿ ಬಿಚ್ಚಿಬಿಟ್ಟಿದ್ದೆ.

ನಾದಿನಿ ಹಿತ್ತಲಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ನನ್ನನ್ನು ಕಂಡು ಮೊದಲು ಹೆದರಿದಳು. "ಎಂತ ಅತ್ಗೆ? ಅವ್ವಂಗೆ ಏನಾದ್ರೂ..."

"ಅತ್ತೆ ಚೆನ್ನಾಗಿದ್ದಾರೆ," ಎಂದು ಹೇಳಿ, ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಹಪ್ಪಳವನ್ನು ಮಡಿಸಿಬಿಟ್ಟಳು.

"ಅಯ್ಯೋ ಮಾರಾಯ್ರೆ, ಪ್ರಸ್ಥಾನದ ಗಂಟು ವಾಪಸ್ ಕೊಡೋದು ಅಂತ ಎಲ್ಲಾದ್ರೂ ಉಂಟಾ? ದೇವರ ಕೋಣೆಲಿ ಇಟ್ಟಿದೀನಿ. ದಿನಾ ದೀಪ ತೋರಿಸ್ತಿದೀನಿ. ಅವ್ವ ಏನಂದ್ರು?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಬಿಚ್ಚಬಾರದು, ತರಬಾರದು ಅಂದರು."

"ಮತ್ತೆ ನಾನು ಕೊಟ್ಟು, ನಾಳೆ ಅಣ್ಣಂಗೆ ಏನಾದ್ರೂ ಆದ್ರೆ? ನೀವು ಓದಿದೋರು, ನಿಮಗೆ ಇದೆಲ್ಲ ಇಲ್ಲದಿರಬಹುದು."

"ಇಲ್ಲ ಅಂತ ಯಾರು ಹೇಳಿದರು?" ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಕಾನ್ವೆಂಟಿನ ಚಾಪೆಲಿನಲ್ಲಿ ಉರಿಯುತ್ತಿದ್ದ ಮೇಣದ ಬತ್ತಿಯನ್ನು ದಾಟಿ ಹೋಗಲೂ ನಾನು ಹೆದರುತ್ತಿದ್ದವಳು. ನನ್ನ ಕಣ್ಣ ಮುಂದೆ ಒಂದು ಕಡೆ ಹಿಂದಕ್ಕೆ ಬಂದ ಗಂಟು, ಇನ್ನೊಂದು ಕಡೆ ಕತ್ತಲಲ್ಲಿ ಲಾಂಚಿನ ಅಂಚು ಹಿಡಿದು ಹತ್ತುತ್ತಿರುವ ಹುಡುಗ. ಎರಡರಲ್ಲಿ ಯಾವುದು ಹೆಚ್ಚು ಅಪಶಕುನವೆಂದು ತೂಗಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಒಳಗೆ ತೊಟ್ಟಿಲಲ್ಲಿ ಅವಳ ಮಗು ಎದ್ದು ಅತ್ತಿತು, ಮತ್ತೆ ತಾನೇ ಸುಮ್ಮನಾಯಿತು.

ಆಗ ನನಗೆ ಒಂದು ದಾರಿ ತೋರಿತು. ಅದು ನಿಯಮವೋ, ನಾನು ಹೊಲಿದುಕೊಂಡ ನಿಯಮವೋ ಇವತ್ತಿಗೂ ತಿಳಿಯದು.

"ನೋಡು," ಎಂದೆ, "ಗಂಟು ಬಿಚ್ಚೋಲ್ಲ. ಮನೆಗೂ ಒಯ್ಯೋಲ್ಲ. ಹೊರಟವನು ದಾರೀಲಿ ಒಂದು ಕಡೆ ಕೂತು ಸುಧಾರಿಸಿಕೊಂಡರೆ ವಾಪಸ್ ಬಂದಂತೆ ಆಗತ್ತಾ? ಠಾಣೆ ಮನೆಯಲ್ಲ. ಅಲ್ಲಿ ಅವನೇ ಬಿಚ್ಚಲಿ, ತೋರಿಸಿ ಅವನೇ ಕಟ್ಟಲಿ. ರಾತ್ರಿಗೆ ನಮ್ಮ ಪಡುವಣ ಮನೆಯವರ ಹತ್ತಿರ ಇಡ್ತೀನಿ. ನಮ್ಮ ಹೊಸ್ತಿಲು ದಾಟಿಸೋಲ್ಲ."

ನಾದಿನಿ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಗಂಟನ್ನು ತಂದು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. "ನಾನು ಕೊಡ್ಲಿಲ್ಲ ಅತ್ಗೆ. ನೀವೇ ಎತ್ಕೊಂಡ್ರಿ," ಎಂದಳು. ಎತ್ತಿಕೊಂಡೆ. ಅಂಗೈಯಲ್ಲಿ ಅಕ್ಕಿಯ ಕಾಳುಗಳು ಸರಿದಾಡಿದವು. ನಡುವೆ ಮಡಿಸಿದ ಕಾಗದದ ಗಟ್ಟಿ ಅಂಚು ಸಿಕ್ಕಿತು. ಅತ್ತೆಯವರು ಹಾಕಿದ ಗಂಟು ಕಲ್ಲಿನಂತಿತ್ತು. ಬಾಗಿಲ ತನಕ ಬಂದ ನಾದಿನಿ, "ಒಂದು ಲೋಟ ಮಜ್ಜಿಗೆನಾದ್ರೂ ಕುಡೀರಿ" ಎಂದಳು. ಬಸ್ಸಿನ ಹಾರನ್ ಕೇಳಿಸಿತು. ಓಡಿದೆ.

ಹೋಗುವಾಗ ಸಿಕ್ಕ ಸಲೀಸು ಬರುವಾಗ ಇರಲಿಲ್ಲ. ಸೊರಬದ ಬಸ್ಸು ದಾರಿಯಲ್ಲಿ ಕಂಡ ಕಂಡಲ್ಲಿ ನಿಂತು ಸಂತೆಯ ಮೂಟೆ ಹತ್ತಿಸಿಕೊಂಡಿತು. ಶಿರಾಳಕೊಪ್ಪ ತಲುಪಿದಾಗ ಶಿಕಾರಿಪುರದ ಬಸ್ಸು ಹೋಗಿಯಾಗಿತ್ತು. ಮುಂದಿನದು ಸಂಜೆಗೆ. ಬಿಸಿಲು ನೆತ್ತಿಯಿಂದ ಇಳಿಯುತ್ತಿತ್ತು. ಜನ, ಎತ್ತು, ಮೆಣಸಿನಕಾಯಿಯ ಘಾಟು. ಗಂಟನ್ನು ಎದೆಗೆ ಒತ್ತಿಕೊಂಡು ನಿಂತೆ. ಯಾರನ್ನು ಕೇಳಬೇಕು, ಏನೆಂದು ಕೇಳಬೇಕು ತೋಚಲಿಲ್ಲ. ಬಾಯಲ್ಲಿ ಜಪ ಬರುತ್ತಿತ್ತು. ಅದು ಶಾಲೆಯಲ್ಲಿ ಕಲಿತದ್ದೋ ಮನೆಯಲ್ಲಿ ಕಲಿತದ್ದೋ ನೋಡಿಕೊಳ್ಳಲಿಲ್ಲ.

"ಅಕ್ಕಾ, ಶಿಕಾರಿಪುರದ ಎಂಜಿನ್ ಹುಡುಗನ ಮನೆಯವರಲ್ವಾ?"

ತೆಂಗಿನಕಾಯಿ ರಾಶಿಯ ಹಿಂದಿನಿಂದ ಒಬ್ಬ ಎದ್ದುಬಂದ. ಬಿಳಿ ಟೊಪ್ಪಿಗೆ, ಶುಭ್ರವಾದ ಅಂಗಿ, ನಯವಾದ ಮಾತು. ಇವನೇ ಆ ದಲ್ಲಾಳಿಯೆಂದು ಹೇಳಿಸಿಕೊಳ್ಳಬೇಕಾಗಿರಲಿಲ್ಲ.

"ಪಾಸ್‌ಪೋರ್ಟಿಗೆ ಓಡಾಡ್ತಾ ಇದೀರಂತೆ. ಎಂತಕ್ಕೆ ಅಕ್ಕಾ ಇಷ್ಟು ಬಿಸಿಲಲ್ಲಿ? ಪಾಸ್‌ಪೋರ್ಟ್ ಅಂದ್ರೆ ಕಾಗದ. ಸಮುದ್ರಕ್ಕೆ ಓದೋಕೆ ಬರ್ತದಾ?"

ಹೆದರಿಕೆಯಲ್ಲಿ ನನಗೆ ಎಲ್ಲಿಂದ ಮಾತು ಬಂತೋ ಕಾಣೆ. "ಸಮುದ್ರಕ್ಕೆ ಬರೋಲ್ಲ ಅಣ್ಣಾ. ಆಚೆ ದಡದಲ್ಲಿ ಇರೋರಿಗೆ ಬರತ್ತೆ," ಎಂದೆ.

ಅವನು ನಕ್ಕುಬಿಟ್ಟ. ಸಿಟ್ಟಾಗಲಿಲ್ಲ. ನನ್ನ ಕೈಯ ಗಂಟು ನೋಡಿದ, ಬಸ್ಸು ನಿಲ್ಲುವ ಖಾಲಿ ಜಾಗ ನೋಡಿದ, ಏನೋ ಲೆಕ್ಕ ಹಾಕಿದ. ಆಮೇಲೆ ರಸ್ತೆಯಲ್ಲಿ ಹೊರಡಲು ನಿಂತಿದ್ದ ಉಪ್ಪಿನ ಲಾರಿಗೆ ಕೂಗು ಹಾಕಿದ. "ಏಯ್, ಅಕ್ಕನ್ನ ಶಿಕಾರಿಪುರ ಠಾಣೆ ಹತ್ರ ಇಳಿಸು. ಮುಂದೆ ಕೂರಿಸ್ಕೋ, ಮೂಟೆ ಮೇಲಲ್ಲ."

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ: "ನಾನು ವ್ಯಾಪಾರಸ್ಥ ಅಕ್ಕಾ. ನಿಮ್ಮ ಕೆಲಸ ಇವತ್ತು ಆಗ್ಲಿಲ್ಲ ಅಂದ್ರೆ ಹುಡುಗ ನನ್ನ ಹತ್ರ ಬರ್ತಾನೆ. ಆಯ್ತು ಅಂದ್ರೆ ಬರೋದಿಲ್ಲ. ಅದಕ್ಕಾಗಿ ಒಬ್ಬ ಹೆಂಗಸನ್ನ ಬಿಸಿಲಲ್ಲಿ ನಿಲ್ಲಿಸ್ಬೇಕಾ? ಹತ್ತಿ."

ಹತ್ತಿದೆ. ಅದುವರೆಗೆ ನಾನು ಲಾರಿಯಲ್ಲಿ ಕೂತವಳಲ್ಲ, ಆಮೇಲೂ ಕೂತಿಲ್ಲ. ಡ್ರೈವರು ದಾರಿಯುದ್ದಕ್ಕೂ ಒಂದೂ ಮಾತಾಡದೆ, ನನ್ನ ಕಡೆ ನೋಡದೆ, ಕುತ್ತಿಗೆ ಬಿಗಿಹಿಡಿದು ಓಡಿಸಿದ. ನನಗಿಂತ ಅವನಿಗೇ ಹೆಚ್ಚು ಮುಜುಗರವಾಗಿತ್ತು. ಪ್ರತಿ ಹಳ್ಳಕ್ಕೂ ಉಪ್ಪಿನ ಸಣ್ಣ ಹುಡಿ ಹಿಂದಿನಿಂದ ಹಾರಿ ಬಂದು ತುಟಿಗೆ ಅಂಟುತ್ತಿತ್ತು. ಎದುರಿಗೆ ಯಾವ ಜೀಪು ಬಂದರೂ, ಇದೇ ಸಬ್‌ಇನ್ಸ್‌ಪೆಕ್ಟರರದೇನೋ, ಹೊರಟೇಬಿಟ್ಟರೇನೋ ಎಂದು ಬಗ್ಗಿ ನೋಡುತ್ತಿದ್ದೆ. ಮಧ್ಯಾಹ್ನ ಯಾವಾಗಲೋ ಮುಗಿದಿತ್ತು. ಊರು ಹತ್ತಿರವಾದಂತೆ ನನಗೆ ಖಾತ್ರಿಯಾಗುತ್ತ ಹೋಯಿತು: ಅವರು ಇರುವುದಿಲ್ಲ. ಹುಡುಗ ಖಾಲಿ ಠಾಣೆಯ ಮುಂದೆ ಸೈಕಲ್ ಹಿಡಿದು ನಿಂತಿರುತ್ತಾನೆ. ನಾನು ಗಂಟನ್ನೂ ಹಿಂದಕ್ಕೆ ತಂದವಳಾದೆ, ಸಹಿಯನ್ನೂ ಕಳೆದವಳಾದೆ.

ಲಾರಿ ಇಳಿದಾಗ ಠಾಣೆಯ ಮುಂದೆ ಜೀಪು ನಿಂತಿತ್ತು. ಹಿಂದೆ ಹಾಸಿಗೆ ಸುತ್ತಿದ ಹೋಲ್ಡಾಲು, ನೀರಿನ ಕೂಜ, ಒಂದು ಮಡಿಸಿದ ಕುರ್ಚಿ, ಎಲ್ಲ ಹಗ್ಗ ಬಿಗಿದು ಸಿದ್ಧವಾಗಿದ್ದವು. ಜೀಪಿನ ಡ್ರೈವರು ಚಕ್ರಕ್ಕೆ ಒರಗಿ ಬೀಡಿ ಸೇದುತ್ತಿದ್ದ. ಮೆಟ್ಟಿಲು ಹತ್ತಿ ಒಳಗೆ ಹೋದೆ.

ಸಬ್‌ಇನ್ಸ್‌ಪೆಕ್ಟರರು ಟೊಪ್ಪಿಗೆ ಮೇಜಿನ ಮೇಲಿಟ್ಟುಕೊಂಡು, ನೀರಿನ ಲೋಟ ಮುಂದಿಟ್ಟುಕೊಂಡು, ಬಹಳ ಬೇಸರದಲ್ಲಿ ಕೂತಿದ್ದರು.

"ಯಾರಮ್ಮ? ಏನು?"

ಹೇಳಿದೆ. ಅವರು ಫೈಲು ತರಿಸಿ ನನ್ನ ಅರ್ಜಿಯ ನಕಲು ತಿರುವಿದರು. "ಈ ಇಂಗ್ಲಿಷ್ ಅಕ್ಷರ ಯಾರದು?"

"ನನ್ನದು."

"ಹೂಂ. ನಮ್ಮ ರೈಟರಿಗೆ ತೋರಿಸಬೇಕು ಇದನ್ನ. ನಿಮ್ಮ ಪುಣ್ಯ ನೋಡಿ. ಉಂಡ ಕೂಡಲೇ ಹೊರಡೋನು ನಾನು. ಎಷ್ಟು ಸಲ ಎದ್ದರೂ ಇವತ್ತು ಹೊರಡೋಕೇ ಆಗಲಿಲ್ಲ. ತನ್ನಿ, ಅಸಲು ತನ್ನಿ."

ಜೀಪು ಕೆಟ್ಟಿತ್ತೇನೋ ಎಂದುಕೊಂಡೆ. ಗಂಟನ್ನು ಮೇಜಿನ ಮೇಲಿಟ್ಟು, ಅದು ಏನೆಂದು ಹೇಳಿ, "ಅವನು ಈಸೂರಿನಿಂದ ಬರ್ತಾ ಇದ್ದಾನೆ. ಅವನೇ ಬಿಚ್ಚಬೇಕು" ಎಂದೆ. ಹೇಳುವಾಗಲೇ ನನಗೆ ನಾಚಿಕೆಯಾಯಿತು. ಸರ್ಕಾರಿ ಕಚೇರಿಯಲ್ಲಿ ನಿಂತು, ಇಂಗ್ಲಿಷಿನಲ್ಲಿ ಅರ್ಜಿ ಬರೆದವಳು, ಗಂಟು ಬಿಚ್ಚಲಾರೆ ಎನ್ನುವುದು! ಗದರುತ್ತಾರೆಂದು ಕಾದೆ.

ಅವರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಪ್ರಸ್ಥಾನದ್ದಾ? ಮೊದಲೇ ಹೇಳಬಾರದೇನಮ್ಮ! ಮುಟ್ಟಬೇಡಿ, ಮುಟ್ಟಬೇಡಿ. ಅವನೇ ಬರಲಿ. ನಾನು ಬೇರೆ ಹೊರಡೋ ದಿನ ಇವತ್ತು." ಪೇದೆಗೆ ಹೇಳಿ ನನಗೊಂದು ಸ್ಟೂಲು ಹಾಕಿಸಿದರು. ನಾನು ಕೂರಲಿಲ್ಲ. ಬಾಗಿಲಿಂದ ರಸ್ತೆ ನೋಡುತ್ತ ನಿಂತೆ. ಅವರು ಎರಡು ಸಲ ಗಡಿಯಾರ ನೋಡಿದರು. ಹೊರಗೆ ಜೀಪಿನ ಡ್ರೈವರು ಕೆಮ್ಮಿದ. ಸಂಜೆಯ ಬಿಸಿಲು ಮೇಜಿನ ಕಾಲಿಗೆ ಬಂದು ತಾಗುವ ಹೊತ್ತಿಗೆ ಸೈಕಲ್ಲಿನ ಸದ್ದಾಯಿತು. ಮೈದುನ ಬೆವರಿನಲ್ಲಿ ಅದ್ದಿ ತೆಗೆದಂತಿದ್ದ. ಪಟೇಲರು ಹೊಲಕ್ಕೆ ಹೋಗಿದ್ದರಂತೆ. ಅಲ್ಲಿಗೇ ಹೋಗಿ ಬರೆಸಿಕೊಂಡು, ಹಾಳೆ ನೆನೆಯದಿರಲೆಂದು ಬಾಳೆಲೆಯಲ್ಲಿ ಸುತ್ತಿ ಹಿಡಿದು ತಂದಿದ್ದ.

ನನ್ನನ್ನು ನೋಡಿದ, ಗಂಟನ್ನು ನೋಡಿದ. "ಅವ್ವ ಒಪ್ಪಿದ್ಲಾ?" ಎಂದ ಮೆಲ್ಲಗೆ.

"ಬಿಚ್ಚು," ಎಂದೆ.

ಉಗುರಿನಿಂದ ಆಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಸರ್ಕಾರಿ ಮೇಜಿನ ಮೇಲೆ ನಾಲ್ಕು ಕಾಳು ಅಕ್ಕಿ ಉದುರಿತು. ಸಬ್‌ಇನ್ಸ್‌ಪೆಕ್ಟರರು ಅಸಲನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲು ಬೆರಳಾಡಿಸಿದರು. ಹಿಂದಿರುಗುವ ಟಿಕೆಟ್ಟಿನ ಕಲಮನ್ನು ಎರಡು ಸಲ ಓದಿಸಿ ಅರ್ಥ ಕೇಳಿದರು, ಹೇಳಿದೆ. ಅವನನ್ನು ಕೇಳಿದರು: ಊರಲ್ಲಿ ಯಾವಾಗಿನವರೆಗೆ ಇದ್ದೆ, ಮೊಕದ್ದಮೆ ಏನಾದರೂ ಉಂಟೇ, ಯಾಕೆ ಹೋಗುತ್ತೀ. ಕೊನೆಯ ಪ್ರಶ್ನೆಗೆ ಅವನು, "ಎಂಜಿನ್ ಅಲ್ಲಿ ಅವೆಯಂತೆ ಸಾಹೇಬ್ರೆ, ಇಲ್ಲಿ ಇಲ್ಲ" ಎಂದ. ಅದನ್ನು ಬರೆದುಕೊಳ್ಳದೆ ಅವರು ಒಂದು ಕ್ಷಣ ಅವನ ಕೈಗಳನ್ನು ನೋಡಿದರು. ಆಕ್ಷೇಪಣೆ ಇಲ್ಲ ಎಂದು ಬರೆದು ಸಹಿ ಹಾಕಿದರು. ನನ್ನ ಕಣ್ಣ ಮುಂದೆಯೇ ಲಕೋಟೆ ಅಂಟಿಸಿ ಜಿಲ್ಲೆಯ ಟಪಾಲಿಗೆ ಹಾಕಿಸಿದರು. ಆಮೇಲೆ ಟೊಪ್ಪಿಗೆ ಎತ್ತಿಕೊಂಡು ಬಾಗಿಲಿಗೆ ಬಂದು, ಹೊರಗೆ ಕಾಲಿಡುವ ಮೊದಲು ಆಚೆ ಈಚೆ ಚೆನ್ನಾಗಿ ನೋಡಿ, ಬೇಗಬೇಗ ಇಳಿದು ಜೀಪು ಹತ್ತಿದರು.

ಮೈದುನ ಅಕ್ಕಿಯ ಕಾಳುಗಳನ್ನು ಒಂದೂ ಬಿಡದೆ ಹೆಕ್ಕಿ ಹಾಕಿ, ಕಾಗದಗಳನ್ನು ನನ್ನ ಕೈಗೆ ಕೊಟ್ಟು, ತನ್ನ ಸೈಕಲ್ಲಿನ ಸ್ಪ್ಯಾನರೊಂದನ್ನು ಗಂಟಿನಲ್ಲಿಟ್ಟು ಕಟ್ಟಿದ. "ಕೆಲಸದ ಗುರುತು," ಎಂದ. ನಗುತ್ತಿದ್ದನೋ ಇಲ್ಲವೋ, ಮುಖದ ಧೂಳಿನಲ್ಲಿ ಕಾಣಲಿಲ್ಲ.

ಮನೆಯ ಮುಂದೆ ಬಂದು ಬೀದಿಯಲ್ಲೇ ನಿಂತೆ. ಅತ್ತೆಯವರು ಒಳಗೆ ಹೊಸ್ತಿಲ ಬಳಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತಲಿಲ್ಲ.

"ಸಹಿ ಹಾಕಿದ್ರಾ?"

"ಹಾಕಿದರು ಅತ್ತೆ."

"ಗಂಟು?"

"ನಾನು ಬಿಚ್ಚಲಿಲ್ಲ. ಅವನೇ ಬಿಚ್ಚಿ ಅವನೇ ಕಟ್ಟಿದ. ಒಳಗೆ ತರೋಲ್ಲ. ಪಡುವಣ ಮನೆಯವರ ಹತ್ತಿರ ಇಟ್ಟು ಬರ್ತೀನಿ."

ಅವರು ಮೊರವನ್ನು ಒಮ್ಮೆ ಕುಲುಕಿದರು. "ಇಟ್ಟು ಬಾ. ಕೈಕಾಲು ತೊಳ್ಕಂಡು ಉಣ್ಣು," ಎಂದರು. ಅಷ್ಟೇ. ಬೆಳಗಿನ ಮಾತು ಅವರ ಮನಸ್ಸಿನಿಂದ ಹೋಗಿಲ್ಲ, ನನ್ನನ್ನು ಇನ್ನೂ ಕ್ಷಮಿಸಿಲ್ಲ ಎಂದುಕೊಂಡು ನಡೆದೆ.

ಪಡುವಣ ಪಕ್ಕದ ಮನೆಯಾಕೆ ಜಗಲಿಯಲ್ಲಿ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದರು. ಗಂಟಿನ ವಿಷಯ ಹೇಳಿದೆ. "ಅದಕ್ಕೇನ್ರಿ, ದೇವರ ಗೂಡಿನಾಗೆ ಇಡ್ತೀನಿ, ಕೊಡ್ರಿ" ಎಂದು ಕೈ ಕೊಡವಿಕೊಂಡು ಇಸಿದುಕೊಂಡರು. ನಾನು ಹೊರಡಲು ತಿರುಗಿದಾಗ, ಜರಡಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತ ಹೇಳಿದರು:

"ಅಲ್ರೀ, ಬೇಜಾರು ಮಾಡ್ಕಬ್ಯಾಡ್ರಿ, ನಿಮ್ಮತ್ತೆಗೆ ಸ್ವಲ್ಪ ಹೇಳ್ರಿ. ನಾನು ಮಧ್ಯಾಹ್ನ ಹಿಟ್ಟು ಬೀಸ್ಕಂಡು ಬರಾಕೆ ಹೋಗಿ ಸರದಿಗೆ ಕಾಯ್ತಾ ಕೂತಿದ್ದೆ. ಹಿಟ್ಟಿನ ಗಿರಣಿ ಎದುರಿಗೇ ಠಾಣೆ ನೋಡ್ರಿ, ಅದರ ಮೆಟ್ಟಿಲ ಹತ್ರ ನಿಮ್ಮತ್ತೆ ಕೂತಿದ್ರು. ಸಾಹೇಬ್ರು ಊರಿಗೆ ಹೊರಡಾಕೆ ಅಂತ ಹೊರಗೆ ಬರೋದು, ಇವರು ಎದ್ದು ಸೀದಾ ಎದುರಿಗೆ ಹೋಗೋದು. ಅವರು ಪಾಪ ಒಳಗೆ ಹೋಗಿ, ನೀರು ಕುಡಿದು, ಕೂತು ಮತ್ತೆ ಬರೋದು; ಇವರು ಮತ್ತೆ ಎದುರಿಗೇ. ನೀವು ಲಾರಿ ಇಳಿಯೋದು ಕಂಡ ಮ್ಯಾಲೆ ಎದ್ದು ಹಿಂದಿನ ಓಣಿಯಿಂದ ಹೋದ್ರು. ಹೊರಟೋರ ಎದುರಿಗೆ ಗಂಡ ಇಲ್ಲದೋರು ಬರಬಾರದು ಅಂತ ಈ ವಯಸ್ಸಿನಾಗೆ ಅವರಿಗೆ ಯಾರು ಹೇಳಿಕೊಡಬೇಕ್ರಿ? ಮರೆವು ಬಂದೈತೆ ಅಂತ ಕಾಣ್ತದೆ."